95 ಬಂತು, ಗೊಂದಲವೂ ಬಂತು: ಕೊಡಗಿನ ಘಾಟಿಯಲ್ಲಿ ಟರ್ಬೊ ಕಾರಿಗೆ ಯಾವ ಪೆಟ್ರೋಲ್?

ಕೇಂದ್ರ ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟ್‌ನಲ್ಲಿ ಕೊಟ್ಟ ವಿವರಣೆಯ ಒಂದು ಸಾಲು ಕಾರು ಇಟ್ಟುಕೊಂಡವರನ್ನು ಗೊಂದಲಕ್ಕೆ ತಳ್ಳಿತು. ಶೇ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲ್‌ನಿಂದ ಮೈಲೇಜ್ ಬೀಳುತ್ತಿದೆ, ಇಂಜಿನ್ ಹಾಳಾಗುತ್ತಿದೆ ಎಂಬ ದೂರುಗಳಿಗೆ ಉತ್ತರ ಕೊಡುತ್ತಾ ಸಚಿವಾಲಯ ಹೇಳಿದ್ದಿಷ್ಟು: ಹಿಂದೆ ದೇಶದಲ್ಲಿ ಮಾರಾಟವಾಗುತ್ತಿದ್ದ ಪೆಟ್ರೋಲ್‌ನ ಆಕ್ಟೇನ್ 88 ಇತ್ತು, ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂದಾಗ 91 ಆಯಿತು, ಇ20 ಬಂದ ಮೇಲೆ 95ಕ್ಕೆ ಏರಿದೆ.

ಅಂದರೆ ಸಾಮಾನ್ಯ ಪೆಟ್ರೋಲೇ ಈಗ 95. ಹಾಗಾದರೆ ಅದೇ ಬಂಕಿನಲ್ಲಿ ಎಕ್ಸ್‌ಪಿ95, ಪವರ್95 ಎಂಬ ಹೆಸರಿನಲ್ಲಿ ಲೀಟರಿಗೆ ಹೆಚ್ಚು ದುಡ್ಡು ಕೊಟ್ಟು ಹಾಕಿಸಿಕೊಳ್ಳುವುದು ಏನನ್ನು? ಆಕ್ಟೇನ್ ಹೆಚ್ಚಿದ್ದರೆ ಮೈಲೇಜ್ ಯಾಕೆ ಕಡಿಮೆಯಾಗಬೇಕು? ಟ್ಯಾಂಕಿನ ಮುಚ್ಚಳದ ಒಳಗೆ 98 ಎಂದು ಸ್ಟಿಕ್ಕರ್ ಅಂಟಿಸಿಕೊಂಡು ಬಂದ ಕಾರಿನ ಗತಿಯೇನು?

ಕೊಡಗಿನಲ್ಲಿ ಈ ಪ್ರಶ್ನೆಗಳಿಗೆ ತೂಕ ಹೆಚ್ಚು. ಇಲ್ಲಿನ ತೋಟದ ಮನೆಗಳ ಶೆಡ್ಡಿನಲ್ಲಿ ಹಳೆಯ ಪೆಟ್ರೋಲ್ ಜೀಪು, ಜಿಪ್ಸಿಗಳ ಪಕ್ಕದಲ್ಲೇ ಟರ್ಬೊ (ಇಂಜಿನ್ ಒಳಗೆ ಹೆಚ್ಚು ಗಾಳಿ ತುರುಕುವ ಸಾಧನ) ಇರುವ ಪೆಟ್ರೋಲ್ ಥಾರ್, ಪೋಲೊ ಜಿಟಿ ಟಿಎಸ್‌ಐ, ಸ್ಲಾವಿಯಾ ನಿಂತಿರುತ್ತವೆ. ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತುಗಳು ಇಲ್ಲಿನ ಕಾಫಿ ತೋಟದ ರಸ್ತೆಗಳಲ್ಲಿ ನಡೆದಿವೆ. ಊರಿನಿಂದ ಯಾವ ದಿಕ್ಕಿಗೆ ಹೊರಟರೂ ಏರಿಳಿತದ ರಸ್ತೆ. ಮೇಲೆ ತಿಂಗಳುಗಟ್ಟಲೆ ಮಳೆ. ಪೆಟ್ರೋಲ್‌ನ ಗುಣ ಪರೀಕ್ಷೆಗೆ ಒಳಗಾಗುವುದು ಇಂಥ ಕಡೆಯೇ.

ಆಕ್ಟೇನ್ ಅಳೆಯುವುದು ಏನನ್ನು?

ಆಕ್ಟೇನ್ ಜಾಸ್ತಿ ಇದ್ದರೆ ಪೆಟ್ರೋಲ್‌ನಲ್ಲಿ ಶಕ್ತಿ ಜಾಸ್ತಿ ಎಂಬ ನಂಬಿಕೆ ಬಹಳ ಹಳೆಯದು. 'ಪವರ್', 'ಸ್ಪೀಡ್' ಎಂದೆಲ್ಲ ಹೆಸರಿಟ್ಟು ಮಾರಿದ ಕಂಪನಿಗಳು ಅದನ್ನು ಇನ್ನಷ್ಟು ಗಟ್ಟಿ ಮಾಡಿವೆ. ನಿಜಕ್ಕೂ ಆಕ್ಟೇನ್ ಅಳೆಯುವುದು ಪೆಟ್ರೋಲ್‌ನ ತಾಳ್ಮೆಯನ್ನು: ಒತ್ತಡ, ಬಿಸಿ ಎಷ್ಟು ಹೆಚ್ಚಿದರೂ ಕಿಡಿ ಬೀಳುವ ತನಕ ತಾನಾಗಿ ಹೊತ್ತಿಕೊಳ್ಳದೆ ಇರುವ ಗುಣವನ್ನು.

ಸೈಕಲ್ ಪಂಪನ್ನು ಜೋರಾಗಿ ಒತ್ತಿದರೆ ಅದರ ಬುಡ ಕೈಗೆ ಬಿಸಿ ತಾಗುತ್ತದೆ. ಗಾಳಿಯನ್ನು ಅದುಮಿದರೆ ಬಿಸಿಯಾಗುವುದು ಅದರ ಸ್ವಭಾವ. ಇಂಜಿನ್ ಸಿಲಿಂಡರ್‌ನಲ್ಲಿ ಪಿಸ್ಟನ್ ಮೇಲೇರುವಾಗ ಪೆಟ್ರೋಲ್ ಬೆರೆತ ಗಾಳಿಗೆ ಆಗುವುದೂ ಅದೇ. ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಿದಾಗ ಬೆಂಕಿ ಪ್ಲಗ್ಗಿನ ಬಳಿಯಿಂದ ಹೊರಟು ಸಿಲಿಂಡರ್‌ನ ಅಂಚಿನ ಕಡೆಗೆ ಹರಡುತ್ತಾ ಹೋಗಬೇಕು. ಆದರೆ ಹಾಗೆ ಹರಡುವ ಬೆಂಕಿ, ಅಂಚಿನಲ್ಲಿ ಇನ್ನೂ ಉರಿಯದೆ ಉಳಿದ ಮಿಶ್ರಣವನ್ನು ಮತ್ತಷ್ಟು ಅದುಮುತ್ತದೆ, ಮತ್ತಷ್ಟು ಬಿಸಿ ಮಾಡುತ್ತದೆ. ಪೆಟ್ರೋಲ್ ಅದನ್ನು ತಾಳಿಕೊಳ್ಳದಿದ್ದರೆ ಅಂಚಿನ ಮಿಶ್ರಣ ಒಮ್ಮೆಲೇ ಸಿಡಿಯುತ್ತದೆ. ಆಗ ಹುಟ್ಟುವ ಒತ್ತಡದ ಅಲೆ ಸೆಕೆಂಡಿಗೆ ಆರೇಳು ಸಾವಿರ ಬಾರಿ ಕಂಪಿಸುತ್ತಾ ಪಿಸ್ಟನ್‌ಗೂ ಸಿಲಿಂಡರ್ ಗೋಡೆಗೂ ಬಡಿಯುತ್ತದೆ. ಹೊರಗೆ ಕೇಳುವ 'ಟಿಕ್ ಟಿಕ್' ಸದ್ದು ಇದರದೇ. ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುವುದು ಇದಕ್ಕೆ.

ಅಳತೆಗೆ ಎರಡು ದ್ರವಗಳನ್ನು ಮಾನದಂಡವಾಗಿ ಇಟ್ಟುಕೊಂಡಿದ್ದಾರೆ. ನಾಕಿಂಗ್ ತಡೆಯುವ ಐಸೊ-ಆಕ್ಟೇನ್‌ಗೆ 100, ತಟ್ಟನೆ ನಾಕ್ ಆಗುವ ನಾರ್ಮಲ್ ಹೆಪ್ಟೇನ್‌ಗೆ 0. ಒಂದು ಪೆಟ್ರೋಲ್ 95 ಭಾಗ ಐಸೊ-ಆಕ್ಟೇನ್ ಮತ್ತು 5 ಭಾಗ ಹೆಪ್ಟೇನ್ ಸೇರಿದ ಮಿಶ್ರಣದಷ್ಟೇ ನಾಕಿಂಗ್ ತಡೆದರೆ ಅದು 95 ಆಕ್ಟೇನ್. ಅದರಲ್ಲಿ ಎಷ್ಟು ಶಕ್ತಿ ಅಡಗಿದೆ ಎಂಬುದಕ್ಕೂ ಈ ಸಂಖ್ಯೆಗೂ ಸಂಬಂಧ ಇಲ್ಲ.

ಆದರೂ ಆಕ್ಟೇನ್ ಮತ್ತು ಪಿಕಪ್‌ಗೆ ನಂಟು ಬಂದದ್ದು ಇಂಜಿನ್ ವಿನ್ಯಾಸದಿಂದ. ಕಂಪ್ರೆಷನ್, ಅಂದರೆ ಮಿಶ್ರಣವನ್ನು ಅದುಮುವ ಪ್ರಮಾಣ, ಹೆಚ್ಚಿದಷ್ಟೂ, ಟರ್ಬೊ ಹೆಚ್ಚು ಗಾಳಿ ತುರುಕಿದಷ್ಟೂ ಅದೇ ಗಾತ್ರದ ಇಂಜಿನ್‌ನಿಂದ ಹೆಚ್ಚು ಶಕ್ತಿ ತೆಗೆಯಬಹುದು. ಹಾಗೆ ಮಾಡಿದರೆ ನಾಕಿಂಗ್ ಅಪಾಯವೂ ಹೆಚ್ಚುತ್ತದೆ. ಅದನ್ನು ತಡೆಯಲು ಹೆಚ್ಚು ಆಕ್ಟೇನ್ ಬೇಕು. ಶಕ್ತಿ ಕೊಡುವುದು ಇಂಜಿನ್, ಅದಕ್ಕೆ ಅವಕಾಶ ಮಾಡಿಕೊಡುವುದು ಆಕ್ಟೇನ್. ಅಂಥ ಇಂಜಿನ್ ಇಲ್ಲದ ಕಾರಿಗೆ 100 ಆಕ್ಟೇನ್ ಹಾಕಿದರೆ ಆ ಅವಕಾಶ ಹಾಗೇ ಉಳಿದುಹೋಗುತ್ತದೆ.

ಅಮೆರಿಕದ 91 ನಮ್ಮ 91 ಅಲ್ಲ

ಯೂಟ್ಯೂಬ್‌ನಲ್ಲಿ ಅಮೆರಿಕದ ವಿಡಿಯೊ ನೋಡಿ ಪೆಟ್ರೋಲ್ ಆಯ್ಕೆ ಮಾಡುವವರು ಎಡವುವುದು ಇಲ್ಲಿ. ಆಕ್ಟೇನ್ ಅಳೆಯಲು ಎರಡು ಪ್ರಯೋಗ ಇವೆ. ರಿಸರ್ಚ್ ಆಕ್ಟೇನ್ ನಂಬರ್, ಅಂದರೆ ಆರ್‌ಒಎನ್, ಪ್ರಯೋಗಾಲಯದ ಇಂಜಿನ್ನನ್ನು 600 ಆರ್‌ಪಿಎಂನಲ್ಲಿ (ನಿಮಿಷಕ್ಕೆ 600 ಸುತ್ತು) ಓಡಿಸಿ ಅಳೆಯುವಂಥದ್ದು. ಮೋಟಾರ್ ಆಕ್ಟೇನ್ ನಂಬರ್, ಅಂದರೆ ಎಂಒಎನ್, 900 ಆರ್‌ಪಿಎಂನಲ್ಲಿ, ಒಳಗೆ ಹೋಗುವ ಮಿಶ್ರಣವನ್ನು ಮೊದಲೇ ಕಾಯಿಸಿ ಅಳೆಯುವಂಥದ್ದು. ಎರಡನೆಯದು ಕಠಿಣ. ಹಾಗಾಗಿ ಅದೇ ಪೆಟ್ರೋಲ್‌ಗೆ ಅದು ಕಡಿಮೆ ಸಂಖ್ಯೆ ತೋರಿಸುತ್ತದೆ.

ಭಾರತ ಮತ್ತು ಯುರೋಪಿನಲ್ಲಿ ಪೆಟ್ರೋಲ್‌ನ ಆಕ್ಟೇನ್ ಎಂದರೆ ಆರ್‌ಒಎನ್. ಅಮೆರಿಕದ ಬಂಕಿನ ಮೇಲೆ ಬರೆಯುವುದು ಎರಡರ ಸರಾಸರಿ, ಅಂದರೆ ಎಕೆಐ. ಅಲ್ಲಿನ 91 ನಮ್ಮ ಲೆಕ್ಕದಲ್ಲಿ ಸುಮಾರು 95-96, ಅಲ್ಲಿನ 93 ನಮ್ಮಲ್ಲಿ ಸುಮಾರು 98. '91 ಸಾಕು' ಎಂಬ ಅಮೆರಿಕನ್ ಮಾತು ಕೇಳಿ ಇಲ್ಲಿನ 91 ಆಕ್ಟೇನ್ ಸಾಕು ಎಂದುಕೊಂಡರೆ ಇಂಜಿನ್‌ಗೆ ನಾಲ್ಕೈದು ಅಂಕ ಖೋತಾ. ಕಾರಿನ ಕೈಪಿಡಿಯಲ್ಲಿ ಸಂಖ್ಯೆಯ ಪಕ್ಕ ಆರ್‌ಒಎನ್ ಎಂದಿದೆಯೇ, ಎಕೆಐ ಎಂದಿದೆಯೇ ಎಂದು ಮೊದಲು ನೋಡಬೇಕು.

84ರಿಂದ 95ಕ್ಕೆ ಹಾರಿದ್ದು ಹೇಗೆ?

ಸಚಿವಾಲಯ ತನ್ನ ಹೇಳಿಕೆಯಲ್ಲೇ ಎಥನಾಲ್‌ನ ಆಕ್ಟೇನ್ ಸುಮಾರು 108.5, ಪೆಟ್ರೋಲ್‌ನದು 84.4 ಎಂದು ಕೊಟ್ಟಿದೆ. ಕ್ಯಾಲ್ಕುಲೇಟರ್ ಹಿಡಿದವರು ಇಲ್ಲೇ ಅನುಮಾನ ಪಟ್ಟರು. 80 ಭಾಗ 84.4, 20 ಭಾಗ 108.5 ಸೇರಿಸಿದರೆ 89 ಬರುತ್ತದೆ, 95 ಎಲ್ಲಿಂದ?

ಲೀಟರ್ ಲೆಕ್ಕ ಇಲ್ಲಿ ದಾರಿ ತಪ್ಪಿಸುತ್ತದೆ. ಎಥನಾಲ್ ಅಣು ಚಿಕ್ಕದು, ಪೆಟ್ರೋಲ್‌ನ ಅಣುಗಳು ದೊಡ್ಡವು. ಗಾತ್ರದಲ್ಲಿ ಶೇ 20 ಇರುವ ಎಥನಾಲ್ ಅಣುಗಳ ಸಂಖ್ಯೆಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಸಿಲಿಂಡರ್ ಒಳಗೆ ಆವಿಯಾಗಿ ಬೆರೆಯುವಾಗ ಪರಿಣಾಮ ಬೀರುವುದು ಅಣುಗಳ ಪಾಲು. ಹಾಗೆ ಲೆಕ್ಕ ಹಾಕಿದರೆ ಮಿಶ್ರಣ 93ರ ಸುತ್ತ ಬರುತ್ತದೆ. ಮೂಲ ಪೆಟ್ರೋಲ್ 88ರ ಆಸುಪಾಸಿನದಾದರೆ 95 ಸಲೀಸಾಗಿ ಮುಟ್ಟುತ್ತದೆ. ಸಚಿವಾಲಯದ ಅಂಕಿ ಪವಾಡವೇನಲ್ಲ, ರಸಾಯನಶಾಸ್ತ್ರಕ್ಕೆ ಒಪ್ಪುವಂಥದ್ದು.

ಎಥನಾಲ್‌ನ ಇನ್ನೊಂದು ಗುಣ ಟರ್ಬೊ ಕಾರುಗಳಿಗೆ ವರ. ಅದು ಆವಿಯಾಗಲು ಪೆಟ್ರೋಲ್‌ಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಹೀರುತ್ತದೆ. ಇಂಧನವನ್ನು ನೇರ ಸಿಲಿಂಡರ್ ಒಳಗೇ ಚಿಮ್ಮಿಸುವ ಇಂಜಿನ್‌ಗಳಲ್ಲಿ ಆ ಶಾಖ ಸಿಲಿಂಡರ್‌ನ ಗಾಳಿಯಿಂದಲೇ ಹೋಗುತ್ತದೆ. ಗಾಳಿ ತಣ್ಣಗಾದರೆ ನಾಕಿಂಗ್ ಇನ್ನಷ್ಟು ದೂರ. ಹಾಗಾಗಿ ಇ20ಗೆಂದೇ ಹೊಂದಿಸಿದ ಟರ್ಬೊ ಇಂಜಿನ್‌ಗೆ ನಾಕಿಂಗ್ ದೃಷ್ಟಿಯಿಂದ ಇದು ಹಿಂದಿನ 91 ಪೆಟ್ರೋಲ್‌ಗಿಂತ ಖಂಡಿತ ಮೇಲು.

ಮೈಲೇಜ್ ಬೀಳುವುದು ಬೇರೆ ಕಾರಣಕ್ಕೆ. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗ ಕಡಿಮೆ. ಐದನೇ ಒಂದು ಪಾಲು ಅದೇ ಆದಾಗ ಇಡೀ ಲೀಟರಿನ ಶಕ್ತಿ ಶೇ 6-7ರಷ್ಟು ಇಳಿಯುತ್ತದೆ. ಶುದ್ಧ ಪೆಟ್ರೋಲ್ ಜೊತೆ ಹೋಲಿಸಿದರೆ ಈ ಲೆಕ್ಕ. ಮೊದಲೇ ಬಳಕೆಯಲ್ಲಿದ್ದ ಇ10 ಜೊತೆ ಹೋಲಿಸಿದರೆ ಅದರ ಅರ್ಧ. ಆಕ್ಟೇನ್ ಏರಿದ್ದೂ ನಿಜ, ಶಕ್ತಿ ಇಳಿದದ್ದೂ ನಿಜ. ಎರಡೂ ಒಂದೇ ಬದಲಾವಣೆಯ ಫಲ.

ಸಂಪಾಜೆ ಘಾಟಿಯಲ್ಲಿ ಇಂಜಿನ್ ಒಳಗೆ

ಸುಳ್ಯದಿಂದ ಸಂಪಾಜೆ ದಾಟಿ ಮಡಿಕೇರಿಗೆ ಬರುವ ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಕಾರು ಸುಮಾರು ಸಾವಿರ ಮೀಟರ್ ಎತ್ತರ ಏರುತ್ತದೆ. ಮುಂದೆ ಲೋಡ್ ತುಂಬಿದ ಲಾರಿ. ತಿರುವಿನಲ್ಲಿ ವೇಗ ಇಳಿದಿದೆ, ಗೇರ್ ಮೂರರಲ್ಲೇ ಇದೆ, ಆರ್‌ಪಿಎಂ 1,800. ಸ್ವಲ್ಪ ಜಾಗ ಸಿಕ್ಕಿತೆಂದು ಚಾಲಕ ಗೇರ್ ಇಳಿಸದೆ ಆಕ್ಸಿಲರೇಟರನ್ನು ಪೂರ್ತಿ ತುಳಿಯುತ್ತಾನೆ.

ಪೆಟ್ರೋಲ್ ಆಕ್ಟೇನ್‌ಗೆ ಇದಕ್ಕಿಂತ ಕಷ್ಟದ ಗಳಿಗೆ ಕಡಿಮೆ. ಟರ್ಬೊ ತಕ್ಷಣ ಗಾಳಿ ತುಂಬುತ್ತದೆ. 1,800 ಆರ್‌ಪಿಎಂ ಎಂದರೆ ಪ್ರತಿ ಸಿಲಿಂಡರ್‌ನಲ್ಲಿ ಸೆಕೆಂಡಿಗೆ 15 ಬಾರಿ ಮಾತ್ರ ಉರಿಯುವಿಕೆ. ಪಿಸ್ಟನ್ ನಿಧಾನ. ಹಾಗಾಗಿ ಅಂಚಿನ ಮಿಶ್ರಣಕ್ಕೆ ಬಿಸಿಯಲ್ಲಿ, ಒತ್ತಡದಲ್ಲಿ ಕಾಯುವ ಸಮಯ ಹೆಚ್ಚು. 5,000 ಆರ್‌ಪಿಎಂನಲ್ಲಿ ಇದೇ ಮಿಶ್ರಣ ತಾನಾಗಿ ಸಿಡಿಯುವ ಮೊದಲೇ ಬೆಂಕಿ ಅದನ್ನು ತಲುಪಿಬಿಡುತ್ತಿತ್ತು.

ಇಂಜಿನ್‌ಗೆ ಅಂಟಿಕೊಂಡ ನಾಕ್ ಸೆನ್ಸರ್ ಈ ಕಂಪನವನ್ನು ಹಿಡಿದು ಇಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯುಗೆ ತಿಳಿಸುತ್ತದೆ. ಇಸಿಯು ಕಿಡಿ ಹಾರಿಸುವ ಸಮಯವನ್ನು ತಡ ಮಾಡುತ್ತದೆ. ನಾಕಿಂಗ್ ನಿಲ್ಲುತ್ತದೆ. ಆದರೆ ತಡವಾದ ಬೆಂಕಿ ಪಿಸ್ಟನ್ನನ್ನು ತಳ್ಳುವ ಬದಲು ತನ್ನ ಶಾಖವನ್ನು ಸೈಲೆನ್ಸರ್ ಕಡೆಗೆ ಸುರಿಯುತ್ತದೆ. ಎಕ್ಸಾಸ್ಟ್ ಕಾದು ಟರ್ಬೊಗೆ ಬಿಸಿ ಏರುತ್ತದೆ, ಅದನ್ನು ತಣಿಸಲು ಇಸಿಯು ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಪಿಕಪ್ ಇಲ್ಲ, ಮೈಲೇಜೂ ಇಲ್ಲ. ಕಡಿಮೆ ಆಕ್ಟೇನ್ ಹಾಕಿದ ಆಧುನಿಕ ಕಾರು ಅಂದೇ ಕೆಟ್ಟು ನಿಲ್ಲುವುದಿಲ್ಲ, ಹೀಗೆ ಸದ್ದಿಲ್ಲದೆ ಸೊರಗುತ್ತದೆ. ಅದಕ್ಕೇ 'ನನ್ನ ಕಾರಿಗೆ ಏನೂ ಆಗಿಲ್ಲ' ಎಂಬ ಮಾತನ್ನು ಸಾಕ್ಷಿಯಾಗಿ ಹಿಡಿಯಲಾಗದು.

ಇಂಥ ಕಡೆ ಎರಡಕ್ಕೆ ಗೇರ್ ಇಳಿಸಿ ಆರ್‌ಪಿಎಂ ಏರಿಸಿಕೊಂಡರೆ ನಾಕಿಂಗ್ ಮಟ್ಟಿಗೆ ಸಿಗುವ ಲಾಭ ಒಂದೆರಡು ಅಂಕ ಹೆಚ್ಚಿನ ಆಕ್ಟೇನ್ ಹಾಕಿಸಿದ್ದಕ್ಕೆ ಕಡಿಮೆಯಿಲ್ಲ. ಅದಕ್ಕೆ ದುಡ್ಡೂ ಬೇಡ.

ಎತ್ತರದ ಗಾಳಿ ಯಾರಿಗೆ ಅನುಕೂಲ?

'ಬೆಟ್ಟದ ಮೇಲೆ ಕಡಿಮೆ ಆಕ್ಟೇನ್ ನಡೆಯುತ್ತದೆ' ಎಂಬ ಮಾತಿದೆ. ಅದು ಅರ್ಧ ಸತ್ಯ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಶೇ 12-13 ಕಡಿಮೆ. ಟರ್ಬೊ ಇಲ್ಲದ ಇಂಜಿನ್ ಅಷ್ಟು ಕಡಿಮೆ ಗಾಳಿ ಎಳೆದುಕೊಳ್ಳುತ್ತದೆ. ಶಕ್ತಿ ಕಡಿಮೆ, ಸಿಲಿಂಡರ್ ಒತ್ತಡ ಕಡಿಮೆ, ನಾಕಿಂಗ್ ಸಾಧ್ಯತೆಯೂ ಕಡಿಮೆ. ಅಮೆರಿಕದ ಡೆನ್ವರ್‌ನಂಥ ಎತ್ತರದ ಊರುಗಳಲ್ಲಿ ಅವರ ಲೆಕ್ಕದ 85 ಆಕ್ಟೇನ್ ಪೆಟ್ರೋಲನ್ನು ಮಾರುತ್ತಾ ಬಂದಿರುವುದು ಇದೇ ಕಾರಣಕ್ಕೆ.

ಟರ್ಬೊ ಇಂಜಿನ್‌ಗೆ ಈ ರಿಯಾಯಿತಿ ಇಲ್ಲ. ಅದರ ಇಸಿಯು ಒಳಗಿನ ಒಟ್ಟು ಒತ್ತಡ ಇಷ್ಟೇ ಇರಬೇಕೆಂದು ಗುರಿ ಇಟ್ಟುಕೊಂಡಿರುತ್ತದೆ. ಆ ಗುರಿ 200 ಕಿಲೋಪಾಸ್ಕಲ್ ಎಂದುಕೊಳ್ಳೋಣ. ಹೊರಗಿನ ಒತ್ತಡ ಸುಮಾರು 100 ಇರುವ ಮಂಗಳೂರಿನಲ್ಲಿ ಟರ್ಬೊ ಗಾಳಿಯನ್ನು ಎರಡು ಪಟ್ಟು ಅದುಮಿದರೆ ಸಾಕು. ಮಡಿಕೇರಿಯಲ್ಲಿ ಹೊರಗಿನ ಒತ್ತಡ ಸುಮಾರು 88 ಇರುವುದರಿಂದ ಸುಮಾರು 2.27 ಪಟ್ಟು ಅದುಮಬೇಕು. ಹೆಚ್ಚು ಅದುಮಿದ ಗಾಳಿ ಹೆಚ್ಚು ಬಿಸಿ. ಸಿಲಿಂಡರ್‌ಗೆ ಹೋಗುವ ಒತ್ತಡ ಅಷ್ಟೇ, ಬಿಸಿ ಮಾತ್ರ ಜಾಸ್ತಿ. ಕೊಡಗಿನ ತಂಪು ಮತ್ತು ಮಳೆಗಾಲದ ತೇವ ಇದನ್ನು ಸ್ವಲ್ಪ ಸರಿದೂಗಿಸುತ್ತವೆ, ಏಕೆಂದರೆ ತೇವದ ಗಾಳಿ ನಾಕಿಂಗ್ ತಗ್ಗಿಸುತ್ತದೆ. ಮಾರ್ಚ್-ಏಪ್ರಿಲ್‌ನ ಒಣ ಬಿಸಿಲಿನಲ್ಲಿ ಕಾರು ತುಂಬ ಜನ ಕೂತು ಮಾಕುಟ್ಟದಿಂದ ಪೆರುಂಬಾಡಿ ಕಡೆಗೆ ಏರುವಾಗ ಆ ನೆರವೂ ಇರುವುದಿಲ್ಲ.

ಆದ್ದರಿಂದ ಟರ್ಬೊ ಇಲ್ಲದ ಜಿಪ್ಸಿ ಇರುವವರ ಸಲಹೆಯನ್ನು ಟರ್ಬೊ ಇರುವವರು ತೆಗೆದುಕೊಳ್ಳಬಾರದು.

ಎರಡು ಕಡೆಯ ವಾದ

ಸರ್ಕಾರದ ವಾದ ಹೀಗಿದೆ. ಕಚ್ಚಾ ತೈಲದ ಆಮದು ತಗ್ಗುತ್ತದೆ, ಕಬ್ಬು-ಮೆಕ್ಕೆಜೋಳ ಬೆಳೆಯುವ ರೈತರಿಗೆ ಹಣ ಸಿಗುತ್ತದೆ, ಹೊಗೆ ಕಡಿಮೆಯಾಗುತ್ತದೆ. 2014-15ರಿಂದ 2025ರ ಜುಲೈವರೆಗೆ 1.44 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ವಿದೇಶಿ ವಿನಿಮಯ ಉಳಿದಿದೆ ಎಂದು ಸಚಿವಾಲಯ ಹೇಳಿದೆ. ಮೈಲೇಜ್ ಇಳಿಕೆಯನ್ನು ಅದು ಅಲ್ಲಗಳೆದಿಲ್ಲ. ಇ10ಗೆ ವಿನ್ಯಾಸಗೊಳಿಸಿ ಇ20ಗೆ ಹೊಂದಿಸಿದ ಕಾರುಗಳಲ್ಲಿ ಶೇ 1-2, ಉಳಿದವುಗಳಲ್ಲಿ ಶೇ 3-6 ಎಂದು ಒಪ್ಪಿಕೊಂಡಿದೆ.

ವಾಹನ ಮಾಲೀಕರ ವಾದ ಆಯ್ಕೆಯ ಹಕ್ಕಿನದು. ಬಿಡಿಭಾಗಗಳು ಇ20 ತಾಳುವಂಥ ವಾಹನಗಳು ಬರಬೇಕಾಗಿದ್ದುದು 2023ರ ಏಪ್ರಿಲ್‌ನಿಂದ. ಅದಕ್ಕೂ ಮೊದಲು ಕೊಂಡ ಅನೇಕ ಕಾರುಗಳ ಕೈಪಿಡಿಯಲ್ಲಿ ಇ10 ಮೀರಬೇಡಿ ಎಂದಿದೆ. ಯುರೋಪಿನಿಂದ ಬಂದ ಹಳೆಯ ಪರ್ಫಾರ್ಮೆನ್ಸ್ ಕಾರುಗಳ ಮುಚ್ಚಳದ ಮೇಲೂ ಅದೇ. ಬಂಕಿನಲ್ಲಿ ಇ20 ಬಿಟ್ಟು ಬೇರೆ ಸಾಮಾನ್ಯ ಪೆಟ್ರೋಲ್ ಇಲ್ಲದಿದ್ದರೆ ನಾವೇನು ಮಾಡಬೇಕು ಎಂಬುದು ಅವರ ಪ್ರಶ್ನೆ. ಎಥನಾಲ್ ಇಲ್ಲದ ಪೆಟ್ರೋಲ್ ಕೂಡ ಸಿಗುವಂತೆ ಮಾಡಬೇಕೆಂದು ಕೋರಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಆಗಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರಿದ್ದ ಸುಪ್ರೀಂ ಕೋರ್ಟ್ ಪೀಠ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು.

ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಬೇರೆ ಬೇರೆ ಸಂಖ್ಯೆಗಳ ಬಗ್ಗೆ ಮಾತಾಡುತ್ತಿದ್ದಾರೆ. ಸರ್ಕಾರ '95' ಎಂದು ಆಕ್ಟೇನ್ ತೋರಿಸುತ್ತದೆ. ಮಾಲೀಕರು '20' ಎಂದು ಎಥನಾಲ್ ತೋರಿಸುತ್ತಾರೆ. ಕಾರಿನ ಕೈಪಿಡಿ ಮಾತ್ರ ಎರಡನ್ನೂ ಕೇಳುತ್ತದೆ: ಆಕ್ಟೇನ್ ಕನಿಷ್ಠ ಇಷ್ಟಿರಬೇಕು, ಎಥನಾಲ್ ಗರಿಷ್ಠ ಇಷ್ಟಿರಬಹುದು. ಮೊದಲನೆಯದರಲ್ಲಿ ಪಾಸಾದ ಪೆಟ್ರೋಲ್ ಎರಡನೆಯದರಲ್ಲಿ ಫೇಲಾಗಬಹುದು. 2019ರ ಟರ್ಬೊ ಕಾರೊಂದು ಕನಿಷ್ಠ 95, ಗರಿಷ್ಠ ಇ10 ಎಂದು ಕೇಳಿದರೆ ಅದಕ್ಕೆ ಆಗುವುದು ಇದೇ. ನಾಕಿಂಗ್ ಸಮಸ್ಯೆ ಇಲ್ಲದಿದ್ದರೂ ರಬ್ಬರ್ ಪೈಪು, ಸೀಲು, ಫ್ಯೂಯೆಲ್ ಪಂಪಿನ ಮೇಲೆ ಕಣ್ಣಿಡಬೇಕಾಗುತ್ತದೆ.

ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಇರುವ ಹಳೆಯ ಜೀಪಿನ ಕಷ್ಟ ಇನ್ನೂ ಬೇರೆ. ಎಥನಾಲ್‌ನಲ್ಲಿ ಆಮ್ಲಜನಕ ಇರುವುದರಿಂದ ಅದಕ್ಕೆ ಗಾಳಿ ಕಡಿಮೆ ಸಾಕು, ಇಂಧನ ಹೆಚ್ಚು ಬೇಕು. ಇಂಜೆಕ್ಷನ್ ಕಾರಿನ ಆಕ್ಸಿಜನ್ ಸೆನ್ಸರ್ ಇದನ್ನು ತಾನೇ ಸರಿಪಡಿಸುತ್ತದೆ. ಕಾರ್ಬುರೇಟರ್‌ಗೆ ಸೆನ್ಸರ್ ಎಲ್ಲಿದೆ? ಮಿಶ್ರಣ ತೆಳುವಾಗಿ ಇಂಜಿನ್ ಬಿಸಿ ಏರುತ್ತದೆ. ಪೆಟ್ರೋಲ್ ಹರಿವನ್ನು ನಿಗದಿ ಮಾಡುವ ಜೆಟ್ ಬದಲಿಸಿ ಟ್ಯೂನ್ ಮಾಡಿಸುವುದು, ಎಥನಾಲ್ ತಾಳುವ ಪೈಪು ಹಾಕಿಸುವುದು ಇದಕ್ಕೆ ಮದ್ದು. ದುಬಾರಿ ಪೆಟ್ರೋಲ್ ಹುಡುಕಿಕೊಂಡು ಹೋಗುವುದಕ್ಕಿಂತ ಈ ಖರ್ಚು ಒಂದೇ ಸಲದ್ದು.

ಮಳೆಗಾಲ, ನೀರು, ಆಕ್ಟೇನ್

ಆಕ್ಟೇನ್ ಚರ್ಚೆಯಲ್ಲಿ ನೀರಿನ ಮಾತು ಬರುವುದೇ ಇಲ್ಲ. ಕೊಡಗಿನಲ್ಲಿ ಅದು ಮೊದಲು ಬರಬೇಕಾದ ಮಾತು.

ಬರೀ ಪೆಟ್ರೋಲ್‌ಗೆ ನೀರು ಸೇರಿದರೆ ನೀರು ತಳಕ್ಕೆ ಹೋಗಿ ಕೂರುತ್ತದೆ, ಮೇಲಿನ ಪೆಟ್ರೋಲ್ ಹಾಗೇ ಇರುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಸ್ವಲ್ಪ ನೀರನ್ನು ತನ್ನಲ್ಲೇ ಕರಗಿಸಿಕೊಳ್ಳುತ್ತದೆ. ಇ10 ಆದರೆ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಶೇ 0.5ರಷ್ಟು, ಇ20 ಅದಕ್ಕಿಂತ ಹೆಚ್ಚು. ಆ ಮಿತಿ ದಾಟಿತೋ, ಎಥನಾಲ್ ಪೆಟ್ರೋಲ್ ಸಂಗ ಬಿಟ್ಟು ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ. ಚಳಿ ಹೆಚ್ಚಿದಷ್ಟೂ ಈ ಮಿತಿ ಕಡಿಮೆ.

ಆಗ ಆಗುವ ನಷ್ಟ ಎರಡು ಥರದ್ದು. ತಳದಲ್ಲಿ ನೀರು-ಎಥನಾಲ್ ಪದರ. ಫ್ಯೂಯೆಲ್ ಪಂಪ್ ಅದನ್ನೇ ಎಳೆದರೆ ಕಾರು ಸ್ಟಾರ್ಟೇ ಆಗುವುದಿಲ್ಲ. ಮೇಲೆ ಉಳಿದ ಪೆಟ್ರೋಲ್ ತನ್ನ ಆಕ್ಟೇನನ್ನು ಕಳೆದುಕೊಂಡಿರುತ್ತದೆ, ಏಕೆಂದರೆ ಅದನ್ನು 95ಕ್ಕೆ ಏರಿಸಿದ್ದ ಎಥನಾಲ್ ಕೆಳಗಿಳಿದಿದೆ. ಉಳಿದದ್ದು 84-88 ಆಕ್ಟೇನ್‌ನ ಪೆಟ್ರೋಲ್. ಟರ್ಬೊ ಕಾರಿಗೆ ಇದು ಆಪತ್ತು.

ಇಂದಿನ ಕಾರಿನ ಟ್ಯಾಂಕ್ ಸಾಕಷ್ಟು ಭದ್ರವಾಗಿರುತ್ತದೆ. ಗಾಳಿಯ ತೇವದಿಂದ ಅಷ್ಟೊಂದು ನೀರು ಬೇಗ ಸೇರುವುದಿಲ್ಲ. ಅಪಾಯ ಇರುವುದು ಎರಡು ಕಡೆ: ಮುಚ್ಚಳ ಸಡಿಲವಾದ ಹಳೆಯ ಜೀಪು, ತೋಟದ ಕಳೆ ಕತ್ತರಿಸುವ ಯಂತ್ರ, ಮರ ಕೊಯ್ಯುವ ಗರಗಸದ ಟ್ಯಾಂಕುಗಳಲ್ಲಿ, ಮತ್ತು ಜೋರು ಮಳೆಗೆ ನೀರು ಜಿನುಗುವ ಬಂಕಿನ ನೆಲದಡಿಯ ಟ್ಯಾಂಕಿನಲ್ಲಿ. ಬಂಕಿನವರು ಟ್ಯಾಂಕಿಗೆ ಇಳಿಸುವ ಕೋಲಿಗೆ ಪೇಸ್ಟ್ ಸವರಿ ನೀರಿದೆಯೇ ಎಂದು ನೋಡುತ್ತಾರೆ. ಎಥನಾಲ್ ಮಿಶ್ರಣಕ್ಕೆ ಅದಕ್ಕೆಂದೇ ಇರುವ ಪೇಸ್ಟ್ ಬೇಕು. ಡೆನ್ಸಿಟಿ ತೋರಿಸಿ ಎಂದು ಗ್ರಾಹಕ ಕೇಳಬಹುದು, ಫಿಲ್ಟರ್ ಪೇಪರ್ ಪರೀಕ್ಷೆಯನ್ನೂ ಕೇಳಬಹುದು. ಇವು ಕಲಬೆರಕೆ ಹಿಡಿಯಲು ನೆರವಾಗುತ್ತವೆ. ಆಕ್ಟೇನ್ ಎಷ್ಟೆಂದು ಇವು ಯಾವುವೂ ಹೇಳವು. ಅದಕ್ಕೆ ಪ್ರಯೋಗಾಲಯವೇ ಬೇಕು.

ಹೀಗಾಗಿ ಇಲ್ಲಿ ಪೆಟ್ರೋಲ್‌ನ ಹೆಸರಿಗಿಂತ ಬಂಕಿನ ವ್ಯಾಪಾರ ಮುಖ್ಯ. ದಿನವೂ ಟ್ಯಾಂಕರ್ ಬಂದು ಖಾಲಿಯಾಗುವ ಬಂಕಿನ ಸಾಮಾನ್ಯ ಪೆಟ್ರೋಲ್, ಗಿರಾಕಿ ಇಲ್ಲದೆ ವಾರಗಟ್ಟಲೆ ನೆಲದಡಿ ಕೂತ ಪ್ರೀಮಿಯಂ ಪೆಟ್ರೋಲ್‌ಗಿಂತ ಮೇಲು. ಮಳೆಗಾಲದಲ್ಲಂತೂ ಈ ಮಾತು ಇನ್ನೂ ಸತ್ಯ.

ಹೆಚ್ಚು ಕೊಟ್ಟರೆ ಸಿಗುವುದೇನು?

95 ಎಂಬ ಪ್ರೀಮಿಯಂ ಪೆಟ್ರೋಲ್ ಮತ್ತು ಸಾಮಾನ್ಯ ಇ20 ನಡುವೆ ಆಕ್ಟೇನ್ ಅಂತರ ಈಗ ಹೆಚ್ಚೇನೂ ಉಳಿದಿಲ್ಲ. ಉಳಿದಿರುವುದು ಇಂಜೆಕ್ಟರ್, ವಾಲ್ವ್ ಶುಚಿಯಾಗಿಡುವ ರಾಸಾಯನಿಕಗಳು. ನೇರ ಚಿಮ್ಮಿಸುವ ಇಂಜಿನ್‌ಗಳಲ್ಲಿ ಇಂಜೆಕ್ಟರ್ ಸ್ವಚ್ಛವಾಗಿರುವುದಕ್ಕೆ ಬೆಲೆ ಇದೆ, ಆಗಾಗ ಒಂದು ಟ್ಯಾಂಕ್ ಹಾಕಿಸುವುದು ದಂಡವಲ್ಲ. ಆದರೆ 'ಪಿಕಪ್ ಬರುತ್ತದೆ' ಎಂಬ ಕಾರಣಕ್ಕೆ ಪ್ರತಿ ಸಲ ಹಾಕಿಸುವುದಕ್ಕೆ ಮೊದಲಿದ್ದ ಸಮರ್ಥನೆ ಈಗಿಲ್ಲ.

100 ಆಕ್ಟೇನ್‌ದು ಬೇರೆ ಕಥೆ. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ100 ಬಿಡುಗಡೆಯಾದದ್ದು 2020ರ ಡಿಸೆಂಬರ್‌ನಲ್ಲಿ, ದೊಡ್ಡ ನಗರಗಳ ಆಯ್ದ ಬಂಕುಗಳಿಗೆ ಮಾತ್ರ. 98 ಕೇಳುವ ಕಾರುಗಳು ಅದರ ಮೂಲ ಗಿರಾಕಿಗಳು. 2025ರಲ್ಲಿ ಅದಕ್ಕೆ ಹೊಸ ಬೇಡಿಕೆ ಬಂದದ್ದು ಆಕ್ಟೇನ್‌ಗಾಗಿ ಅಲ್ಲ, ಅದರಲ್ಲಿ ಎಥನಾಲ್ ಇಲ್ಲ ಎಂಬ ಸುದ್ದಿಗಾಗಿ. ಆಗ ಅದರ ಬೆಲೆ ಲೀಟರಿಗೆ ಸುಮಾರು 160 ರೂಪಾಯಿ ಇತ್ತು, ಕರ್ನಾಟಕದ ಸಾಮಾನ್ಯ ಪೆಟ್ರೋಲ್‌ನದು ಸುಮಾರು 103.

ಆ ಬೆಲೆಯಲ್ಲಿ ಲೆಕ್ಕ ಹಾಕಿ ನೋಡಿ. ಎಥನಾಲ್ ಇಲ್ಲದ ಪೆಟ್ರೋಲ್‌ನಿಂದ ಮೈಲೇಜ್ ಶೇ 7ರಷ್ಟು ಹೆಚ್ಚಿತು ಎಂದೇ ಇಟ್ಟುಕೊಂಡರೂ ಲೀಟರಿಗೆ ಉಳಿಯುವುದು ಏಳು ರೂಪಾಯಿ. ಅದಕ್ಕೆ ಕೊಡುವುದು 57 ರೂಪಾಯಿ ಹೆಚ್ಚು. 40 ಲೀಟರ್ ಟ್ಯಾಂಕಿಗೆ ಅಂತರ 2,280 ರೂಪಾಯಿ. ಮೈಲೇಜ್ ಸಲುವಾಗಿ ಇದನ್ನು ಹಾಕಿಸುವುದರಲ್ಲಿ ಯಾವ ಅರ್ಥವೂ ಇಲ್ಲ. 98 ಕೇಳುವ ಕಾರಿಗೆ ಅಥವಾ ಇ10 ಮೀರಬಾರದ ದುಬಾರಿ ಕಾರಿಗೆ ಮಾತ್ರ ಅದು ಸಾರ್ಥಕ.

ಅಂಥವರಿಗೂ ಟ್ಯಾಂಕ್ ಪೂರ್ತಿ 100 ಬೇಕಿಲ್ಲ. ಪೆಟ್ರೋಲ್‌ಗಳು ಒಂದಕ್ಕೊಂದು ಬೆರೆಯುತ್ತವೆ. ಅರ್ಧ ಟ್ಯಾಂಕ್ ಎಥನಾಲ್ ರಹಿತ 100, ಅರ್ಧ ಟ್ಯಾಂಕ್ ಇ20 ಸೇರಿದರೆ ಎಥನಾಲ್ ಶೇ 10ಕ್ಕೆ ಇಳಿಯುತ್ತದೆ, ಆಕ್ಟೇನ್ 97-98ರ ಸುತ್ತ ನಿಲ್ಲುತ್ತದೆ. ಬೆಂಗಳೂರಿಗೆ ಹೋದಾಗ ಅಲ್ಲೇ ಅರ್ಧ ಟ್ಯಾಂಕ್ ಹಾಕಿಸಿಕೊಂಡು ಬಂದರೆ ಆಯಿತು. ಪ್ಲಾಸ್ಟಿಕ್ ಕ್ಯಾನುಗಳಲ್ಲಿ ತುಂಬಿಸಿ ಡಿಕ್ಕಿಯಲ್ಲಿಟ್ಟುಕೊಂಡು ಆನೆಚೌಕೂರು ದಾರಿಯ ಕಾಡಿನ ನಡುವೆ ತರುವ ಸಾಹಸ ಯಾರೂ ಮಾಡಬಾರದು. ಪೆಟ್ರೋಲ್ ಆವಿಗೆ ಒಂದು ಕಿಡಿ ಸಾಕು, ಜೊತೆಗೆ ಕೂತವರ ಜೀವ ಹೋಗುತ್ತದೆ.

ರೀಮ್ಯಾಪ್ ಮಾಡಿಸಿದ ಕಾರುಗಳು

ಮೇಲೆ ಹೇಳಿದ್ದೆಲ್ಲ ಕಂಪನಿಯಿಂದ ಬಂದಂತೆಯೇ ಇರುವ ಕಾರಿಗೆ. 'ಸ್ಟೇಜ್ 1' ಎಂದು ಇಸಿಯು ರೀಮ್ಯಾಪ್ ಮಾಡಿಸಿದ ಟರ್ಬೊ ಕಾರುಗಳಿಗೆ ನಿಯಮವೇ ಬೇರೆ. ರೀಮ್ಯಾಪ್ ಎಂದರೆ ಟರ್ಬೊ ಒತ್ತಡ ಏರಿಸಿ, ಕಿಡಿಯನ್ನು ಬೇಗ ಹಾರಿಸಿ, ಕಂಪನಿ ಬಿಟ್ಟಿದ್ದ ಸುರಕ್ಷತೆಯ ಅಂತರವನ್ನು ಶಕ್ತಿಯಾಗಿ ಬಳಸಿಕೊಳ್ಳುವುದು. ಮ್ಯಾಪ್ ಬರೆದವರು 97 ಅಥವಾ 100 ಆಕ್ಟೇನ್‌ಗೆಂದು ಬರೆದಿದ್ದರೆ ಕಾರಿಗೆ ಸದಾ ಅದೇ ಬೇಕು. ವಾರಾಂತ್ಯಕ್ಕೆ ಬೆಂಗಳೂರಿನಿಂದ 100 ಹಾಕಿಸಿಕೊಂಡು ಬಂದು, ಮಡಿಕೇರಿಯಲ್ಲಿ ಟ್ಯಾಂಕ್ ಖಾಲಿಯಾದಾಗ ಸಾಮಾನ್ಯ ಪೆಟ್ರೋಲ್ ತುಂಬಿಸಿ ಅದೇ ಜೋರಿನಲ್ಲಿ ಘಾಟಿ ಇಳಿದು ಏರಿದರೆ, ನಾಕ್ ಸೆನ್ಸರ್ ಎಷ್ಟು ಕಾಪಾಡೀತು? ಪಿಸ್ಟನ್‌ನ ರಿಂಗ್ ಕೂರುವ ಅಂಚು ಒಡೆದರೆ ಇಂಜಿನ್ ಇಳಿಸಲೇಬೇಕು, ಬಿಲ್ಲು ಲಕ್ಷದ ಲೆಕ್ಕದಲ್ಲಿ.

ಹುಡುಗರು ಆಸೆಯಿಂದ ಮಾಡಿಸುತ್ತಾರೆ. ಮಾಡಿಸುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ಈ ಮ್ಯಾಪ್ ನಮ್ಮೂರಿನ ಬಂಕಿನಲ್ಲಿ ದಿನಾ ಸಿಗುವ ಪೆಟ್ರೋಲ್‌ಗೆ ಬರೆದದ್ದೇ? ಎಥನಾಲ್ ಹೆಚ್ಚಿದಾಗ ಇಂಜೆಕ್ಟರ್‌ಗಳು ಹೆಚ್ಚು ಇಂಧನ ಚಿಮ್ಮಿಸಬೇಕು ಎಂಬುದನ್ನೂ ಅದರಲ್ಲಿ ಲೆಕ್ಕ ಹಿಡಿದಿರಬೇಕು. ಇ20 ಬರುವ ಮುಂಚೆ ಬರೆಸಿದ ಹಳೆಯ ಮ್ಯಾಪ್ ಇದ್ದರೆ ಮತ್ತೆ ಪರೀಕ್ಷೆ ಮಾಡಿಸುವುದು ಕ್ಷೇಮ.

ಇ20 ಆಚೆ

ಇ20ಗಿಂತ ಮುಂದೆ ಹೋಗುವ ಮಾತು ಈಗಾಗಲೇ ನಡೆದಿದೆ. 2026ರ ಅಕ್ಟೋಬರ್ 31ರವರೆಗೆ ಇ20ಗೆ ಬದ್ಧ, ಅದರಾಚೆಯ ತೀರ್ಮಾನ ಪ್ರತ್ಯೇಕ ಎಂದು ಸಚಿವಾಲಯ 2025ರ ಆಗಸ್ಟ್‌ನಲ್ಲೇ ಹೇಳಿದೆ. ಎಥನಾಲ್ ಪಾಲು ಶೇ 27 ಅಥವಾ 30 ಆದರೆ ಆಕ್ಟೇನ್ ಮತ್ತಷ್ಟು ಏರುತ್ತದೆ, ಲೀಟರಿನ ಶಕ್ತಿ ಮತ್ತಷ್ಟು ಇಳಿಯುತ್ತದೆ. ಇ20ಗೆಂದು ಹೊಂದಿಸಿದ ಇಂದಿನ ಹೊಸ ಕಾರು, ಇವತ್ತು 2019ರ ಕಾರು ನಿಂತ ಜಾಗದಲ್ಲಿ ನಿಲ್ಲಬೇಕಾಗುತ್ತದೆ.

ಆ ಹೆಜ್ಜೆ ಇಡುವ ಮೊದಲು ಆಗಬೇಕಾದ ಸಣ್ಣ ಕೆಲಸವೊಂದಿದೆ. ಯುರೋಪಿನ ಬಂಕುಗಳಲ್ಲಿ ಎಥನಾಲ್ ಎಷ್ಟೆಂಬುದನ್ನು ಇ5, ಇ10 ಎಂದು ನಾಝಲ್ ಮೇಲೆಯೇ ಅಂಟಿಸಿರುತ್ತಾರೆ, ಕಾರಿನ ಮುಚ್ಚಳದ ಒಳಗೂ ಅದೇ ಗುರುತು. ನಮ್ಮಲ್ಲೂ ಆಕ್ಟೇನ್ ಎಷ್ಟು, ಎಥನಾಲ್ ಎಷ್ಟು ಎಂಬ ಎರಡೂ ಅಂಕಿ ಪ್ರತಿ ಪಂಪಿನ ಮೇಲೆ ಕನ್ನಡದಲ್ಲಿ ಎದ್ದು ಕಾಣುವಂತೆ ಇರಬೇಕು, ಪ್ರೀಮಿಯಂ ಪೆಟ್ರೋಲ್‌ಗಳಿಗೂ ಸೇರಿ. ಇದಕ್ಕೆ ಹೊಸ ತಂತ್ರಜ್ಞಾನ ಬೇಡ, ತೈಲ ಕಂಪನಿಗಳು ಮನಸ್ಸು ಮಾಡಿದರೆ ಒಂದು ಸ್ಟಿಕ್ಕರ್ ಸಾಕು.